‘ಪ್ಯಾರಮೌಂಟ್’ ಎಂಬೊಂದು ವಿಶೇಷಣದ ಚರಿತ್ರೆ

ಆಂಗ್ಲಭಾಷೆಯಲ್ಲಿ ಅಧಿಕಾರವನ್ನು ಬಣ್ಣಿಸುವ ವಿಶೇಷಣಗಳು ಹಲವುಂಟು. ಅವುಗಳಲ್ಲಿ ‘ಪ್ಯಾರಮೌಂಟ್’ ಎಂಬುದು ನಮ್ಮ ದೇಶದ ಸಂಸ್ಥಾನಗಳ ವಿಷಯದಲ್ಲಿ ಮಾಡಿದಷ್ಟು ಕೆಲಸವನ್ನು ಮತ್ತಾವ ವಿಶೇಷಣವೂ ಮಾಡಲಿಲ್ಲ.

ಪದದ ವ್ಯುತ್ಪತ್ತಿ ಸರಳವಾದುದು. ನಾರ್ಮನ್ ದೊರೆಗಳ ಕಾಲದ ಫ್ರೆಂಚ್ ನುಡಿಯ ಮೂಲಕ ಇದು ಇಂಗ್ಲಿಷಿಗೆ ಸಂದಿತು. ಇದರ ಬೇರು ಲ್ಯಾಟಿನ್ನಿನಲ್ಲಿ ಬೆಟ್ಟವೆಂಬ ಅರ್ಥದ ಶಬ್ದ. ಬೆಟ್ಟದತ್ತ, ಎಂದರೆ ಮೇಲಕ್ಕೆ ಎಂದು ಭಾವ. ಇದಕ್ಕೆ ಎದುರಾಗಿ ‘ಪ್ಯಾರವೇಲ್’ ಎಂಬ ಪದವೂ ಇದ್ದಿತು, ಅದರೊಳಗಿರುವುದು ಕಣಿವೆ. ಒಬ್ಬನಿಂದೊಬ್ಬನು ಭೂಮಿಯನ್ನು ಪಡೆದು ಅನುಭವಿಸುತ್ತಿದ್ದ ಆ ವ್ಯವಸ್ಥೆಯಲ್ಲಿ, ತಾನು ಮತ್ತಾರಿಂದಲೂ ಪಡೆಯದ ಮೇಲಣ ಒಡೆಯನು ಬೆಟ್ಟದವನು, ಕಟ್ಟಕಡೆಯ ಒಕ್ಕಲು ಕಣಿವೆಯವನು. ಇಂಗ್ಲೆಂಡಿನ ಭೂಮಿಗೆಲ್ಲ ಅರಸನೇ ಅಂಥ ಒಡೆಯನೆಂದು ಬ್ಲ್ಯಾಕ್‌ಸ್ಟನ್ ಪಂಡಿತನು 18ನೆಯ ಶತಮಾನದಲ್ಲಿ ನಿರೂಪಿಸಿದನು. ಕಣಿವೆಯ ಪದವು ಬಳಕೆ ತಪ್ಪಿತು. ಬೆಟ್ಟದ ಪದವು ಹಡಗೇರಿ ನಮ್ಮಲ್ಲಿಗೆ ಬಂದಿತು.

ಇದನ್ನು ‘ಸಾರ್ವಭೌಮ’ ಎಂದು ಕನ್ನಡಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಸರ್ವಭೂಮಿಗೆ ಈಶ್ವರನಾದವನು ಸಾರ್ವಭೌಮನೆಂದು ಪಾಣಿನಿಯೇ ವಿಧಿಸಿರುವನು. ಅಲ್ಲಿ ನೆಲದ ವಿಸ್ತಾರ ಮುಖ್ಯ; ಇಲ್ಲಿಯಾದರೋ ಒಬ್ಬನ ಮೇಲೆ ಇನ್ನೊಬ್ಬನಿರುವ ಅಂತಸ್ತು ಮುಖ್ಯ. ಕೆಳಗೊಬ್ಬ ಅರಸನು ಇಲ್ಲದಿದ್ದರೆ ‘ಪ್ಯಾರಮೌಂಟ್’ ಎಂಬುದಕ್ಕೆ ಅರ್ಥವೇ ಇಲ್ಲ. ‘ಪರಮಾಧಿಪತ್ಯ’ವೆಂದರೆ ಹೆಚ್ಚು ಸಮೀಪವಾದೀತು. ಈ ಸಂಬಂಧವು ನಮಗೆ ಹೊಸತೇನಲ್ಲ. ಹೊಯ್ಸಳ ವಿಷ್ಣುವರ್ಧನನು ಎಷ್ಟೇ ಪರಾಕ್ರಮಿಯಾದರೂ ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿಗೆ ಮಹಾಮಂಡಲೇಶ್ವರನಷ್ಟೆ. ಆದರೆ ನಮ್ಮ ಶಾಸನಗಳು ಮೇಲಿನವನ ಬಿರುದನ್ನೂ ಕೆಳಗಿನವನ ಬಿರುದನ್ನೂ ಬಿಡಿಸಿ ಹೇಳುತ್ತಿದ್ದವು.

ಬ್ರಿಟಿಷರು ಬರೆದ ಕೌಲುಗಳಲ್ಲಿಯೂ ಮೊದಲು ಹಾಗೆಯೇ ಬಿಡಿಸಿ ಹೇಳಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರೊಡನೆ ಆದ ಒಪ್ಪಂದದಲ್ಲಿ ವಾರ್ಷಿಕ ಪೊಗದಿಯು 7 ಲಕ್ಷ ವರಹವೆಂದು ನಿಗದಿಯಾಗಿದ್ದಿತು. ಕಂಪೆನಿಯು ಯಾವ ಸಂದರ್ಭದಲ್ಲಿ ಆಡಳಿತಕ್ಕೆ ಕೈ ಹಾಕಬಹುದೆಂಬುದೂ ಬರೆದಿದ್ದಿತು. ನಗರದ ದಂಗೆಯ ಬಳಿಕ, 1831ರಲ್ಲಿ, ಬೆಂಟಿಂಕನು ರಾಜ್ಯವನ್ನೇ ವಹಿಸಿಕೊಂಡನು. 50 ವರ್ಷಗಳ ಮೇಲೆ, 1881ರ ಮಾರ್ಚ್ 25ರಂದು, ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಮರಳಿದ್ದು ಒಪ್ಪಂದದಿಂದಲ್ಲ, ಮೇಲಿನಿಂದ ದಯಪಾಲಿಸಿದ ಹಸ್ತಾಂತರ ಪತ್ರದಿಂದ. ಪೊಗದಿಯ ಮೊತ್ತವೂ 35 ಲಕ್ಷ ರೂಪಾಯಿಗೆ ಏರಿದ್ದಿತು. ಅದಕ್ಕೆ ಬದಲಾಗಿ ಒಪ್ಪಂದವೆಂಬ ಹೆಸರು ಬಂದುದು 1913ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ.

ವಿಶೇಷಣವು ತನ್ನ ನಿಜಸ್ವರೂಪವನ್ನು ತೋರಿದುದು ಬೀರಾರಿನ ವ್ಯವಹಾರದಲ್ಲಿ. ಪರರಾಷ್ಟ್ರ ವಿಚಾರಗಳನ್ನುಳಿದು ತಾನು ಬ್ರಿಟಿಷ್ ಸರಕಾರಕ್ಕೆ ಸಮಾನನೆಂದು ಹೈದರಾಬಾದಿನ ನಿಜಾಮನು ವಾದಿಸಿದನು. ಸಾಮ್ರಾಜ್ಯದ ಹಿರಿಮೆಯು ಒಪ್ಪಂದಗಳನ್ನು ಮಾತ್ರ ಆಶ್ರಯಿಸಿಲ್ಲ, ಅವುಗಳಿಂದ ಹೊರತಾಗಿಯೂ ಇರುವುದೆಂದು ಲಾರ್ಡ್ ರೀಡಿಂಗನು 1926ರ ಮಾರ್ಚಿನಲ್ಲಿ ಉತ್ತರವಿತ್ತನು. ಬರೆದುದಕ್ಕಿಂತ ಬರೆಯದುದೇ ಬಲವತ್ತರವಾಯಿತೆಂದಲ್ಲವೆ ಇದರ ತಾತ್ಪರ್ಯ! ಗಾಬರಿಗೊಂಡ ಅರಸರು ಈ ಅಧಿಕಾರದ ಎಲ್ಲೆಯನ್ನು ಗೊತ್ತುಪಡಿಸಬೇಕೆಂದು ಬೇಡಿದರು. ಹಾರ್ಕೋರ್ಟ್ ಬಟ್ಲರನ ಸಮಿತಿಯು 1929ರಲ್ಲಿ ಕೊಟ್ಟ ವರದಿಯು ಲಕ್ಷಣವನ್ನು ಹೇಳಲೊಲ್ಲದೆ, ಪರಮವಾದುದು ಪರಮವಾಗಿಯೇ ಇರತಕ್ಕದ್ದೆಂದಿತು. ನಮ್ಮ ತಾರ್ಕಿಕರು ಇದನ್ನು ಆತ್ಮಾಶ್ರಯ ದೋಷವೆನ್ನುವರು. ಆ ಸಮಿತಿಯ ಮೂವರಲ್ಲಿ ಒಬ್ಬನಾದ ಹೋಲ್ಡ್ಸ್‌ವರ್ತನು ಇಂಗ್ಲೆಂಡಿನ ಕಾನೂನಿನ ಚರಿತ್ರೆಯನ್ನು ಹಲವು ಸಂಪುಟಗಳಲ್ಲಿ ಬರೆದ ವಿದ್ವಾಂಸ. ಬೆಟ್ಟ ಕಣಿವೆಗಳ ಹಳೆಯ ಕಥೆಯನ್ನು ಅವನು ಅರಿಯದವನಲ್ಲ.

1947ರ ಭಾರತ ಸ್ವಾತಂತ್ರ್ಯ ಶಾಸನದ 7ನೆಯ ವಿಧಿಯು ಈ ಆಧಿಪತ್ಯವನ್ನು ಯಾರಿಗೂ ವಹಿಸಿಕೊಡದೆ ಲೋಪಗೊಳಿಸಿತು. ಹಾಗಾದರೆ ಕೆಳಗಿದ್ದವನು ತಾನೇ ಸ್ವತಂತ್ರನಾದನೆ? ಮೈಸೂರಿನ ಜಯಚಾಮರಾಜ ಒಡೆಯರು ಆ ಆಗಸ್ಟ್ 9ರಂದೇ ಪ್ರವೇಶಪತ್ರಕ್ಕೆ ರುಜು ಮಾಡಿದ್ದರು. ನಿಜಾಮನು ಮಾತ್ರ ಸ್ವತಂತ್ರನಾದೆನೆಂದೇ ಹಟ ಹಿಡಿದನು. ಅವನ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ, ರಾಯಚೂರುಗಳ ಕನ್ನಡಿಗರು 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಬರುವವರೆಗೂ ರಜಾಕಾರರ ಹಾವಳಿಗೆ ಈಡಾಗಿದ್ದರು.