ಸೋತವನಿಗೂ ಒಂದು ಸುತ್ತು

ಚದುರಂಗದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗೆದ್ದವರ ಚರಿತ್ರೆಯನ್ನೇ ಬರೆದಿದ್ದಾರೆ. ಅದು ಸಹಜವೂ ಹೌದು. ಆದರೆ ಯಾವ ಸ್ಪರ್ಧೆಯಲ್ಲಿಯೂ ಗೆದ್ದು ಬಹುಮಾನ ಪಡೆಯುವವರು ಕೆಲವರು. ಒಂದಲ್ಲ ಒಂದು ಸುತ್ತಿನಲ್ಲಿ ಸೋಲನ್ನು ಕಂಡು ಮನೆಗೆ ಹೋಗುವವರು ಬಹುಮಂದಿ. ಈ ಬಹುಮಂದಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಈ ಆಟ ಕಾಲಕಾಲಕ್ಕೆ ಯಾವ ಉತ್ತರ ಕೊಡುತ್ತ ಬಂದಿದೆ ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಈ ಪ್ರಶ್ನೆ ನನಗೆ ಗ್ರಂಥಗಳಿಂದ ಹುಟ್ಟಿದ್ದಲ್ಲ. ಮಂಗಳೂರಿನಿಂದ ಉಡುಪಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಫಲ್ಗುಣಿ ನದಿಯ ಸೇತುವೆಯ ಮಗ್ಗುಲಿಗೆ ಇರುವ ಕೂಳೂರಿನಲ್ಲಿ ಶಾಲಾಮಕ್ಕಳಿಗಾಗಿ ಚದುರಂಗದ ಪಂದ್ಯಗಳನ್ನು ನಡೆಸುವ ಕೆಲಸದಲ್ಲಿ ನಾನು ಕೆಲಕಾಲದಿಂದ ಕೈಜೋಡಿಸುತ್ತ ಬಂದಿದ್ದೇನೆ. ಸಮೀಪದ ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಬಂದರಿನ ಹಿಂದೆ ಕಾರ್ಖಾನೆಗಳು ಬಂದವು, ಕಾರ್ಖಾನೆಗಳ ಹಿಂದೆ ನಾನಾ ಪ್ರಾಂತಗಳ ಸಂಸಾರಗಳು ಬಂದವು. ಹೀಗಾಗಿ ನಮ್ಮ ಪಂದ್ಯದ ಮೇಜಿನ ಒಂದು ಬದಿಯಲ್ಲಿ ತುಳು ಮಾತನಾಡುವ ಹುಡುಗಿ, ಇನ್ನೊಂದು ಬದಿಯಲ್ಲಿ ಹಿಂದಿಯನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಮಾತನಾಡುವ ಹುಡುಗ ಕುಳಿತಿರುವುದು ಅಪರೂಪವಲ್ಲ. ಆಟಕ್ಕೆ ಮಾತು ಬೇಕಿಲ್ಲವಾದ್ದರಿಂದ ಇಬ್ಬರಿಗೂ ತೊಂದರೆಯಿಲ್ಲ.

ತುಳುನಾಡಿಗೆ ಮಣೆಯಾಟಗಳು ಹೊಸವಲ್ಲ. ಆಟಿಯ ಮಳೆಗಾಲದಲ್ಲಿ ಹದಿನಾಲ್ಕು ಗುಳಿಗಳ ಚೆನ್ನೆಮಣೆಯನ್ನು ಹಾಕಿಕೊಂಡು ಹೆಂಗಸರೂ ಮಕ್ಕಳೂ ಕಾಯಿಗಳನ್ನು ಹಂಚುತ್ತ ಹೊತ್ತು ಕಳೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಅದು ಜಗಲಿಯ ಆಟ. ಅಲ್ಲಿ ಸೋತವರಿಗೆ ಶಿಕ್ಷೆಯೆಂಬುದಿಲ್ಲ. ಮಳೆ ನಿಲ್ಲುವ ತನಕ ಮತ್ತೊಂದು ಆಟ ಇದ್ದೇ ಇದೆ. ಚದುರಂಗವಾದರೋ ಬೇರೊಂದು ಮನೆತನದಿಂದ ಬಂದದ್ದು. ಆನೆ, ಕುದುರೆ, ಮಂತ್ರಿ, ಕಾಲಾಳುಗಳ ಹೆಸರೇ ಹೇಳುವಂತೆ ಅದು ಆಸ್ಥಾನದ ಆಟ.

ಕನ್ನಡನಾಡಿನ ಮಟ್ಟಿಗೆ ಈ ಆಸ್ಥಾನದ ಪರಂಪರೆ ಬಹು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವುಂಟು. ಅದಕ್ಕೂ ಹಿಂದೆ, ಒಂಬತ್ತನೆಯ ಶತಮಾನದಲ್ಲಿ, ಕಾಶ್ಮೀರದ ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ಕುದುರೆಯ ನಡೆಯನ್ನು ಚಿತ್ರಕವಿತ್ವಕ್ಕೆ ಅಳವಡಿಸಿದ್ದ. ಮೂವತ್ತೆರಡು ಅಕ್ಷರಗಳ ಶ್ಲೋಕವನ್ನು ನಾಲ್ಕು ಸಾಲುಗಳಲ್ಲಿ ಬರೆದು, ನೇರವಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ ದೊರೆಯುವಂತೆ ಹೆಣೆದದ್ದು ಆ ಚಮತ್ಕಾರ. ಸಾಹಿತ್ಯವೂ ಆಟವೂ ಒಂದೇ ಮಣೆಯ ಮೇಲೆ ಕೂಡಿದ್ದು ಹೀಗೆ.

ಈ ಪರಂಪರೆಯ ಕೊನೆಯ ದೊಡ್ಡ ಹೆಸರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು. 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟವೇರಿದ ಅವರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ದೊರೆಯಾಗಿಯೇ ಇದ್ದರು, ಆದರೆ ಆಳಲು ರಾಜ್ಯವಿರಲಿಲ್ಲ. ನಿಜವಾದ ಆನೆ ಕುದುರೆಗಳ ಮೇಲಿನ ಅಧಿಕಾರ ತಪ್ಪಿದ ದೊರೆ ಮಣೆಯ ಮೇಲಿನ ಆನೆ ಕುದುರೆಗಳಲ್ಲಿ ಮನಸ್ಸನ್ನು ನೆಟ್ಟ ಎನ್ನುವುದು ಕವಿಗೆ ಒಳ್ಳೆಯ ವಸ್ತು. ಆದರೆ ಅವರ ಸಾಧನೆ ಬರಿಯ ಕಾಲಹರಣವಾಗಿರಲಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಅವರು ಹುಡುಕಿ ರೂಪಿಸಿದರು. ಕುದುರೆ ಮೆಟ್ಟಿದ ಮನೆಗಳಿಗೆ ಕ್ರಮವಾಗಿ ಒಂದರಿಂದ ಅರವತ್ತನಾಲ್ಕರವರೆಗೆ ಅಂಕಿ ಹಾಕಿದಾಗ ಸಾಲುಸಾಲಿನ ಮೊತ್ತವೂ 260 ಆಗಬೇಕೆಂಬುದು ಈ ವಿದ್ಯೆಯ ಅತಿ ಕಠಿನವಾದ ನಿಯಮ. ಅಂಥ ಕೌಶಲ ಅವರಿಗೆ ಒಲಿದಿತ್ತು.

ಆದರೆ ಒಂದು ಮಾತನ್ನು ಗಮನಿಸಬೇಕು. ಕುದುರೆಯ ಈ ಸಂಚಾರದಲ್ಲಿ ಎದುರಾಳಿಯಿಲ್ಲ. ಒಬ್ಬನೇ ಕುಳಿತು ಬಿಡಿಸುವ ಒಗಟು ಅದು. ಗೆಲುವಿಲ್ಲ, ಸೋಲಿಲ್ಲ, ಆದ್ದರಿಂದ ಸೋತವನ ಪ್ರಶ್ನೆಯೂ ಇಲ್ಲ. ಆಸ್ಥಾನದ ಚದುರಂಗ ವಿದ್ವತ್ತನ್ನು ಬೆಳೆಸಿತು, ಚಮತ್ಕಾರವನ್ನು ಬೆಳೆಸಿತು. ಆಟಗಾರರ ಸಮುದಾಯವನ್ನು ಬೆಳೆಸಲಿಲ್ಲ.

ಆಶ್ರಯದ ಮಿತಿ ಎಷ್ಟೆಂಬುದಕ್ಕೆ ಮೀರ್ ಸುಲ್ತಾನ್ ಖಾನರ ಬದುಕು ಸಾಕ್ಷಿ. ಪಂಜಾಬಿನ ಈ ಆಟಗಾರ ಕಲಿತದ್ದು ನಮ್ಮ ದೇಶೀ ಕ್ರಮ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗಬೇಕು. ಕೋಟೆ ಕಟ್ಟುವ ಬದಲು ರಾಜನಿಗೆ ಒಂದೇ ಒಂದು ಸಲ ಕುದುರೆಯ ನಡೆಯ ಅನುಮತಿಯಿತ್ತು. ತಮ್ಮ ಒಡೆಯನಾದ ಜಮೀನುದಾರನ ಜತೆಯಲ್ಲಿ ಇಂಗ್ಲೆಂಡಿಗೆ ಹೋದ ಸುಲ್ತಾನ್ ಖಾನರು ಪಾಶ್ಚಾತ್ಯ ನಿಯಮಗಳಿಗೆ ಒಗ್ಗಿಕೊಂಡು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಒಡೆಯ ಊರಿಗೆ ಮರಳಿದಾಗ ಅವರೂ ಮರಳಿದರು. ದೊಡ್ಡ ಪಂದ್ಯಗಳ ಲೋಕದಿಂದ ಕಣ್ಮರೆಯಾದರು. ಅವರನ್ನು ಗೌರವ ಗ್ರಾಂಡ್‌ಮಾಸ್ಟರ್ ಎಂದು ವಿಶ್ವ ಸಂಸ್ಥೆ ಕರೆದದ್ದು 2024ರಲ್ಲಿ, ಅವರು ತೀರಿಕೊಂಡು ಐವತ್ತೆಂಟು ವರ್ಷಗಳಾದ ಮೇಲೆ. ಪ್ರತಿಭೆಗೆ ಅಲ್ಲಿ ಕೊರತೆಯಿರಲಿಲ್ಲ. ಒಡೆಯನಿಲ್ಲದೆಯೂ ಹೋಗಿ ಕುಳಿತು ಆಡಬಹುದಾದ ಒಂದು ಜಾಗ ಇರಲಿಲ್ಲ.

ಅಂಥ ಜಾಗವೇ ಕ್ಲಬ್ಬು. 1951ರಲ್ಲಿ ಅಖಿಲ ಭಾರತ ಚದುರಂಗ ಒಕ್ಕೂಟ ಹುಟ್ಟಿತು. 1955ರಲ್ಲಿ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. 1961ರಲ್ಲಿ ಮ್ಯಾನ್ಯುಯೆಲ್ ಆರನ್ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಆದರೆ ಇವೆಲ್ಲಕ್ಕಿಂತ ದೂರಗಾಮಿಯಾದ ಘಟನೆ 1972ರಲ್ಲಿ ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ತೆರೆದದ್ದು ಎಂದು ನನ್ನ ಭಾವನೆ. ತಾಯಿಯಿಂದ ಆಟ ಕಲಿತ ವಿಶ್ವನಾಥನ್ ಆನಂದ್ ಎಂಬ ಬಾಲಕ ಪಳಗಿದ್ದು ಆ ಮೇಜುಗಳಲ್ಲಿ. 1988ರಲ್ಲಿ ಆತ ಭಾರತದ ಮೊದಲ ಗ್ರಾಂಡ್‌ಮಾಸ್ಟರ್. ಮುಮ್ಮಡಿಯವರ ಮೈಸೂರು ತನ್ನ ಗ್ರಾಂಡ್‌ಮಾಸ್ಟರನ್ನು, ಅಂದರೆ ಕರ್ನಾಟಕದ ಮೊದಲಿಗರಾದ ಎಂ.ಎಸ್. ತೇಜ್‌ಕುಮಾರ್ ಅವರನ್ನು, ಕಂಡದ್ದು 2017ರಲ್ಲಿ. ಅರಮನೆಯ ಪರಂಪರೆ ಇದ್ದೂ ಮೈಸೂರು ಇಷ್ಟು ಕಾಲ ಕಾಯಬೇಕಾಯಿತೆಂದರೆ, ಪರಂಪರೆಯೊಂದೇ ಸಾಲದು ಎಂದಾಯಿತಷ್ಟೆ.

ಇನ್ನು ಮಕ್ಕಳ ಪಂದ್ಯಕ್ಕೆ ಬರೋಣ. ಅರವತ್ತನಾಲ್ಕು ಮಕ್ಕಳು ಬಂದಿದ್ದಾರೆಂದು ಇಟ್ಟುಕೊಳ್ಳೋಣ. ಮಣೆಯ ಮನೆಗಳಷ್ಟೇ ಮಕ್ಕಳು. ಸೋತವರನ್ನು ಹೊರಗಿಡುವ ಕ್ರಮದಲ್ಲಿ ಆಡಿಸಿದರೆ ಒಟ್ಟು 63 ಆಟಗಳಲ್ಲಿ ಫಲಿತಾಂಶ ಸಿದ್ಧ. ಆದರೆ ಮೊದಲ ಗಂಟೆ ಕಳೆಯುವುದರೊಳಗೆ ಮೂವತ್ತೆರಡು ಮಕ್ಕಳು ಚಪ್ಪಲಿ ಹುಡುಕುತ್ತಿರುತ್ತಾರೆ. ಎಲ್ಲರೂ ಎಲ್ಲರೊಡನೆ ಆಡಲಿ ಎಂದರೆ 2016 ಆಟಗಳು, ಒಬ್ಬೊಬ್ಬರಿಗೆ ಅರವತ್ತಮೂರು. ಒಂದು ಭಾನುವಾರದಲ್ಲಿ ಅದು ಮುಗಿಯುವ ಮಾತಲ್ಲ.

ಈ ಇಕ್ಕಟ್ಟಿಗೆ ದಾರಿ ಹುಡುಕಿದವರು ಸ್ವಿಟ್ಸರ್ಲೆಂಡಿನ ಜೂಲಿಯಸ್ ಮುಲ್ಲರ್. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಕೆಗೆ ಬಂದ ಆ ಕ್ರಮವನ್ನು ಇಂದಿಗೂ ಸ್ವಿಸ್ ಪದ್ಧತಿ ಎನ್ನುತ್ತೇವೆ. ಯಾರನ್ನೂ ಹೊರಹಾಕುವಂತಿಲ್ಲ. ಪ್ರತಿ ಸುತ್ತಿನಲ್ಲಿಯೂ ಸಮಾನ ಅಂಕಗಳವರು ಸಮಾನ ಅಂಕಗಳವರನ್ನು ಎದುರಿಸುತ್ತಾರೆ. ಒಮ್ಮೆ ಎದುರಾದವರು ಮತ್ತೆ ಎದುರಾಗುವುದಿಲ್ಲ. ಬಿಳಿ ಕಾಯಿ, ಕಪ್ಪು ಕಾಯಿಗಳು ಆದಷ್ಟು ಸರದಿಯಂತೆ ಸಿಗುತ್ತವೆ. ಏಳು ಸುತ್ತುಗಳಲ್ಲಿ 224 ಆಟಗಳು, ಪ್ರತಿ ಮಗುವಿಗೂ ಏಳು. 1883ರ ಲಂಡನ್ ಪಂದ್ಯದಲ್ಲಿ ಮೊದಲು ಕಾಣಿಸಿಕೊಂಡ ಜೋಡಿ ಗಡಿಯಾರವನ್ನು ಪಕ್ಕದಲ್ಲಿಟ್ಟು ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷವೆಂದು ಕಟ್ಟುಮಾಡಿದರೆ, ಏಳು ಸುತ್ತುಗಳೂ ಸೇರಿ ಐದು ಗಂಟೆಗಳೊಳಗಿನ ಆಟ. ಬೆಳಿಗ್ಗೆ ಆರಂಭಿಸಿದರೆ ನಡುವೆ ಊಟವನ್ನೂ ಮುಗಿಸಿ ಸಂಜೆಗೆ ಬಹುಮಾನ ಹಂಚಬಹುದು.

ಈ ಪದ್ಧತಿಯ ಸೊಗಸು ಬರಿಯ ಲೆಕ್ಕದಲ್ಲಿಲ್ಲ. ಮೊದಲ ಸುತ್ತಿನಲ್ಲಿ ಸೋತ ಮಗುವಿಗೆ ಎರಡನೆಯ ಸುತ್ತಿನಲ್ಲಿ ಎದುರಾಗುವುದು ತನ್ನಂತೆಯೇ ಸೋತ ಇನ್ನೊಂದು ಮಗು. ಸೋಲುತ್ತ ಸೋಲುತ್ತ ಅದು ತನ್ನ ಸಮಾನರನ್ನು ಕಂಡುಕೊಳ್ಳುತ್ತದೆ. ಕೊನೆಯ ಮೇಜಿನಲ್ಲಿ ನಡೆಯುವ ಹೋರಾಟ ಮೊದಲ ಮೇಜಿನ ಹೋರಾಟದಷ್ಟೇ ಸರಿಸಮವಾಗಿರುತ್ತದೆ. ಆರು ಸುತ್ತುಗಳಲ್ಲಿ ಒಂದೂ ಗೆಲುವಿಲ್ಲದ ಮಗು ಏಳನೆಯದರಲ್ಲಿ ಗೆದ್ದು ಎದ್ದುಬರುವಾಗಿನ ಮುಖವನ್ನು ನಾನು ಬಲ್ಲೆ. ಪ್ರಥಮ ಬಹುಮಾನದ ಮುಖ ಅದರ ಮುಂದೆ ಸಪ್ಪೆ.

ಇನ್ನೊಂದು ಸೂಕ್ಷ್ಮವಿದೆ. ಇಬ್ಬರ ಅಂಕಗಳು ಸಮವಾದಾಗ ಮೇಲುಗೈ ಯಾರದೆಂದು ನಿರ್ಣಯಿಸಲು ಬುಖೋಲ್ಟ್ಸ್ ಕ್ರಮವೆಂಬುದು ಬಳಕೆಯಲ್ಲಿದೆ. ಬ್ರೂನೋ ಬುಖೋಲ್ಟ್ಸ್ 1932ರಲ್ಲಿ ಸೂಚಿಸಿದ್ದು. ಒಬ್ಬನ ಎದುರಾಳಿಗಳೆಲ್ಲ ಗಳಿಸಿದ ಅಂಕಗಳನ್ನು ಕೂಡಿಸಿದರೆ ಅವನ ಬುಖೋಲ್ಟ್ಸ್ ಸಿಗುತ್ತದೆ. ಅದರ ಅರ್ಥವೇನು? ನನ್ನ ಕೈಯಲ್ಲಿ ಸೋತವನು ಮುಂದಿನ ಸುತ್ತುಗಳಲ್ಲಿ ಗೆದ್ದರೆ ನನಗೆ ಲಾಭ. ಅವನು ಮುನಿದು ನಡುವೆಯೇ ಮನೆಗೆ ಹೋದರೆ ನನಗೆ ನಷ್ಟ. ನಮ್ಮ ಮಕ್ಕಳು ಇದನ್ನು ಬೇಗ ಗ್ರಹಿಸುತ್ತಾರೆ. ತಾನು ಸೋಲಿಸಿದ ಹುಡುಗಿಯ ಮೇಜಿನ ಬಳಿ ಹೋಗಿ, ಮಾತನಾಡದೆ, ಆಕೆಯ ಗೆಲುವನ್ನು ಹಾರೈಸುತ್ತ ನಿಲ್ಲುವ ಹುಡುಗನನ್ನು ಕಂಡಾಗ, ಯಾವ ನೀತಿಪಾಠವೂ ಮಾಡಲಾರದ್ದನ್ನು ಒಂದು ಸಂಕಲನ ಮಾಡಿತಲ್ಲ ಎನಿಸುತ್ತದೆ. ಅವನದು ಸ್ವಾರ್ಥವೇ ಇರಬಹುದು. ಸ್ವಾರ್ಥವನ್ನೇ ಸೌಜನ್ಯದ ದಾರಿಗೆ ಹಚ್ಚುವುದು ಒಳ್ಳೆಯ ನಿಯಮದ ಲಕ್ಷಣವಲ್ಲವೆ?

ಎಲ್ಲವೂ ಸುಸೂತ್ರವೆಂದು ನಾನು ಹೇಳಲಾರೆ. ಗೋಡೆಯಾಚೆ ಕಾಯುವ ಹಿರಿಯರಲ್ಲಿ ಕೆಲವರಿಗೆ ಮಗು ಎಷ್ಟನೆಯ ಮೇಜಿನಲ್ಲಿದೆ ಎಂಬುದಷ್ಟೇ ಚಿಂತೆ. ಮೂರನೆಯ ಸೋಲಿಗೇ ಕೈಹಿಡಿದು ಕರೆದೊಯ್ಯುವವರೂ ಉಂಟು. ಹತ್ತು ವರ್ಷದೊಳಗಿನ ಪಂಕ್ತಿಯಲ್ಲಿ ಹುಡುಗರಷ್ಟೇ ಉತ್ಸಾಹದಿಂದ ಬರುವ ಹುಡುಗಿಯರು ಹದಿನಾಲ್ಕು ತುಂಬುವ ಹೊತ್ತಿಗೆ ವಿರಳವಾಗುತ್ತಾರೆ. 1974ರಲ್ಲಿ ಮಹಿಳೆಯರ ಮೊದಲ ರಾಷ್ಟ್ರೀಯ ಪಂದ್ಯವನ್ನು ವಾಸಂತಿ ಖಾಡಿಲ್ಕರ್ ಗೆದ್ದರು; ಮುಂದೆ 1976ರಲ್ಲಿ ಅವರ ತಂಗಿ ರೋಹಿಣಿ ಪುರುಷರ ಪಂದ್ಯದಲ್ಲಿಯೇ ಕುಳಿತು ಆಡಿದರು. ಮೂವರು ಸೋದರಿಯರು ಒಂದೇ ಮನೆಯಿಂದ ಬಂದು ದೇಶದ ಆಟವನ್ನು ಬದಲಿಸಿದ್ದು ಸಾಧ್ಯವಾದದ್ದು, ಆ ಮನೆಯಲ್ಲಿ ಯಾರೂ ಅವರನ್ನು ಮೇಜಿನಿಂದ ಎಬ್ಬಿಸದೆ ಇದ್ದುದರಿಂದ.

ಕೂಳೂರಿನ ನಮ್ಮ ಮಕ್ಕಳಲ್ಲಿ ಯಾರಾದರೂ ನಾಳೆ ದೊಡ್ಡ ಆಟಗಾರರಾದರೆ ಸಂತೋಷವೇ. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಗ್ರಾಂಡ್‌ಮಾಸ್ಟರ್ ಆದಾಗ, 2024ರಲ್ಲಿ ಹದಿನೆಂಟರ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದಾಗ ಇಲ್ಲಿಯೂ ಕಣ್ಣುಗಳು ಅರಳಿದವು. ಆದರೆ ಊರಿನ ಕ್ಲಬ್ಬನ್ನು ಆ ಒಬ್ಬನಿಗಾಗಿ ನಡೆಸುವುದಾದರೆ ನಾವು ಮತ್ತೆ ಆಸ್ಥಾನವನ್ನೇ ಕಟ್ಟಿದಂತೆ. ಅರಸನ ಮನೆಯಿಂದ ಹೊರಟ ಆಟ ಶಾಲೆಯ ಬೆಂಚಿನವರೆಗೆ ಬರಲು ಶತಮಾನಗಳು ಹಿಡಿದವು. ಬಂದ ಮೇಲೆ ಅದು ಕಲಿತ ದೊಡ್ಡ ವಿದ್ಯೆಯೆಂದರೆ ಇಷ್ಟೆ: ಸೋತವನನ್ನು ಎಬ್ಬಿಸಿ ಕಳುಹಿಸದೆ, ಮುಂದಿನ ಸುತ್ತಿಗೆ ಅವನಿಗೂ ಒಂದು ಮೇಜಿನ ಸಂಖ್ಯೆಯನ್ನು ಬರೆದುಕೊಡುವುದು.