ಗೆಜೆಟಿಯರಿನಲ್ಲಿ ಸಿಗದ ನಿಪ್ಪಾಣಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳೆಯ ಕಾಲ ತಿಳಿಯಬೇಕು ಅಂದವರಿಗೆ ಬಲ್ಲವರು 1884ರ ಬೆಳಗಾವಿ ಗೆಜೆಟಿಯರ್ ತೋರಿಸುತ್ತಾರೆ. ಕ್ಯಾಂಪ್‌ಬೆಲ್ ಸಾಹೇಬನ ಆ ದಪ್ಪ ಸಂಪುಟ ನನಗೂ ಬೇಕು, ಬೇಡವೆನ್ನಲಾರೆ. ಯಾವ ದೇಸಾಯಿಯ ಸಂಸ್ಥಾನ ಹೇಗೆ ಕಂಪನಿಯ ಪಾಲಾಯಿತು, ಕಾಗವಾಡದ ಪಟವರ್ಧನರ ಜಹಗೀರು ವಾರಸುದಾರರಿಲ್ಲದೆ ಹೇಗೆ ಹೋಯಿತು ಎಂಬಂಥ ಸಂಗತಿಗಳಿಗೆ ಅಂಥ ಗ್ರಂಥಗಳೇ ಆಧಾರ. ಆದರೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನಾನು ಹುಡುಗರ ಕೈಗೆ ಮೊದಲು ಕೊಡುತ್ತಿದ್ದದ್ದು ಅದನ್ನಲ್ಲ, ಆತ್ಮಕಥೆಗಳನ್ನು. ಗೆಜೆಟಿಯರಿನಲ್ಲಿ ಕಂದಾಯದ ಲೆಕ್ಕ ಇದೆ. ಕಂದಾಯ ಕಟ್ಟಿದವನ ಮನೆಯಲ್ಲಿ ಆ ರಾತ್ರಿ ಏನು ಉಂಡರು ಅನ್ನುವುದು ಇಲ್ಲ.

ಮೊದಲ ಪುಸ್ತಕ ನಿಪ್ಪಾಣಿಯದೇ. ಬಳವಂತ ಹಣಮಂತ ವರಾಳೆ ಮರಾಠಿಯಲ್ಲಿ ಬರೆದ ‘ಆಂಬೇಡಕರಾಂಚಾ ಸಾಂಗಾತಿ’. ಇದು ತನ್ನ ಕಥೆಯೂ ಹೌದು, ಪಕ್ಕದಲ್ಲಿ ನಡೆದ ದೊಡ್ಡ ಮನುಷ್ಯನ ಕಥೆಯೂ ಹೌದು. 1925ರ ಏಪ್ರಿಲ್‌ನಲ್ಲಿ ಮುಂಬಯಿ ಇಲಾಖೆಯ ಅಸ್ಪೃಶ್ಯರ ಪರಿಷತ್ತು ನಿಪ್ಪಾಣಿಯಲ್ಲಿ ನೆರೆಯಿತು. ಅಧ್ಯಕ್ಷರು ಡಾ. ಅಂಬೇಡ್ಕರ್. ಅವರು ಮುಂದೆ ನಿಂತು ನಡೆಸಿದ ಮಹಾಡದ ಕೆರೆಯ ಸತ್ಯಾಗ್ರಹ ಆದದ್ದು 1927ರಲ್ಲಿ. ಅಂದರೆ ಅವರ ಹೆಸರು ದೇಶಕ್ಕೆ ತಿಳಿಯುವ ಮೊದಲೇ ನಮ್ಮ ಸಂತೆಯ ಊರು ಅವರ ಮಾತು ಕೇಳಿತ್ತು. ಮುಂದೆ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳ ಬೋರ್ಡಿಂಗ್ ತೆರೆದಾಗ ಅದನ್ನು ನೋಡಿಕೊಂಡವರು ಇದೇ ವರಾಳೆ. 1937ರ ಚುನಾವಣೆಯಲ್ಲಿ ಅಂಬೇಡ್ಕರರ ಸ್ವತಂತ್ರ ಮಜೂರ ಪಕ್ಷದಿಂದ ಮುಂಬಯಿ ವಿಧಾನಸಭೆಗೆ ಗೆದ್ದುಹೋದವರೂ ಇವರೇ. ಬೋರ್ಡಿಂಗಿನ ಮಕ್ಕಳು ಉಪವಾಸ ಇದ್ದಾರೆಂದು ತಿಳಿದು ಅಂಬೇಡ್ಕರರ ಪತ್ನಿ ರಮಾಬಾಯಿ ತಮ್ಮ ಬಂಗಾರದ ಬಳೆ ಬಿಚ್ಚಿಕೊಟ್ಟ ಪ್ರಸಂಗವನ್ನು ನಮ್ಮ ಕಡೆಯ ಜಯಂತಿ ಭಾಷಣಗಳಲ್ಲಿ ಕೇಳದವರಿಲ್ಲ. (ಭಾಷಣ ಮಾಡುವವರು ಬದಲಾದಂತೆ ಬಂಗಾರದ ತೂಕವೂ ಏರುತ್ತಿದೆ.) ಆ ಪ್ರಸಂಗ ನಡೆದ ಬೋರ್ಡಿಂಗಿನ ಅಡಿಗೆಮನೆ, ಬಾಡಿಗೆ, ಕಾಳುಕಡಿಯ ಚಿಂತೆ ಹೊತ್ತಿದ್ದವರು ನಿಪ್ಪಾಣಿಯ ವರಾಳೆ ದಂಪತಿ ಎಂದು ನೆನಪಿಟ್ಟುಕೊಂಡು ಓದಿದರೆ ಚಳವಳಿ ಅನ್ನುವುದು ವೇದಿಕೆಯ ಮೇಲೆ ಮಾತ್ರ ನಡೆಯುವುದಿಲ್ಲ ಅನ್ನುವುದು ತಾನೇ ತಿಳಿಯುತ್ತದೆ.

ಇದರ ಜೊತೆಗೆ ಅಂಬೇಡ್ಕರರದೇ ‘ವೇಟಿಂಗ್ ಫಾರ್ ಎ ವೀಸಾ’ ಓದಬೇಕು. 1935ರ ಸುಮಾರಿಗೆ ಬರೆದ ತೀರಾ ಚಿಕ್ಕ ಬರಹ, ಒಂದೇ ಕೂತಲ್ಲಿ ಮುಗಿಯುತ್ತದೆ. 1901ರಲ್ಲಿ ಹುಡುಗ ಭೀಮರಾವ್ ಅಣ್ಣ ಮತ್ತು ಸೋದರಳಿಯರೊಂದಿಗೆ ಸಾತಾರೆಯಿಂದ ತಂದೆಯನ್ನು ನೋಡಲು ಹೊರಟು ಮಸೂರ ನಿಲ್ದಾಣದಲ್ಲಿ ಇಳಿಯುತ್ತಾನೆ. ಹೊಸ ಬಟ್ಟೆ ತೊಟ್ಟ ಮಕ್ಕಳು. ಸ್ಟೇಷನ್ ಮಾಸ್ತರ ಮೊದಲು ಅಕ್ಕರೆಯಿಂದ ಮಾತಾಡಿಸುತ್ತಾನೆ, ಜಾತಿ ತಿಳಿದೊಡನೆ ದೂರ ಸರಿಯುತ್ತಾನೆ. ಎರಡು ಪಟ್ಟು ಬಾಡಿಗೆ ಕೊಡುತ್ತೇವೆಂದರೂ ಗಾಡಿಯವನು ಮಕ್ಕಳ ಪಕ್ಕ ಕೂರುವುದಿಲ್ಲ. ಮಕ್ಕಳೇ ಹಗ್ಗ ಹಿಡಿದು ಗಾಡಿ ಹೊಡೆಯಬೇಕು, ಅವನು ನಡೆದು ಬರುತ್ತಾನೆ. ಬುತ್ತಿ ಇದೆ, ಕುಡಿಯಲು ನೀರು ಸಿಗುವುದಿಲ್ಲ. ಹುಡುಗರಿಗೆ ನಾನು ನಕಾಶೆ ತೋರಿಸುತ್ತಿದ್ದೆ. ಆ ಮಸೂರ ಇರುವುದು ಪುಣೆ-ಮಿರಜ ಹಳಿಯ ಮೇಲೆ, ಮಿರಜ ದಾಟಿದ ಅದೇ ದಾರಿ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಮೇಲೆ ಬೆಳಗಾವಿಗೆ ಬರುತ್ತದೆ. ಅಷ್ಟು ಹೇಳಿದರೆ ಸಾಕು, ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು.

ರಾಯಬಾಗದ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಆಗ ಚಿಕ್ಕೋಡಿ ಬ್ರಿಟಿಷರದು, ಪಕ್ಕದ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. 1902ರಲ್ಲಿ ಶಾಹೂ ಮಹಾರಾಜರು ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಅರ್ಧದಷ್ಟು ಜಾಗ ಮೀಸಲಿಟ್ಟ ಹುಕುಂ ರಾಯಬಾಗಕ್ಕೆ ಅನ್ವಯಿಸುತ್ತಿತ್ತು, ಚಿಕ್ಕೋಡಿಗೆ ಇಲ್ಲ. ನೆಂಟಸ್ತನ ಒಂದೇ, ಜಾತ್ರೆ ಒಂದೇ, ಕಾಯಿದೆ ಮಾತ್ರ ಬೇರೆ. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು. ನಮ್ಮ ಭಾಗದ ಬದುಕನ್ನು ಹೇಳುವ ಪುಸ್ತಕಗಳು ಗಡಿಯ ಆಚೆ ಈಚೆ ಹಂಚಿಹೋಗಿರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ನನ್ನ ಎರಡನೆಯ ಪುಸ್ತಕ ಕಾಗಲದ್ದು. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಕೋಗನೋಳಿ ದಾಟಿದರೆ ಮಹಾರಾಷ್ಟ್ರದ ಕಾಗಲ ಬಂತು. ಅಲ್ಲಿಯ ಆನಂದ ಯಾದವರ ‘ಝೋಂಬಿ’ ಬಂದದ್ದು 1987ರಲ್ಲಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1990ರಲ್ಲಿ. ಗೇಣಿ ಹೊಲದ ಬಡ ಮನೆ, ಕೈತುಂಬ ಮಕ್ಕಳು, ಸಾಲಿ ಬಿಡಿಸಿ ಹೊಲಕ್ಕೆ ಹಚ್ಚುವ ತಂದೆ, ಹೇಗಾದರೂ ಮ್ಯಾಟ್ರಿಕ್ ಮುಟ್ಟಬೇಕೆಂದು ಹಟ ಹಿಡಿದ ಹುಡುಗ. ನೀರು ಹಾಯಿಸುವುದು, ದನ ಕಾಯುವುದು, ಹೊಡೆತ, ಹಸಿವು ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಆತ್ಮಕಥನವನ್ನೇ ಕಾದಂಬರಿಯ ರೂಪದಲ್ಲಿ ಬರೆದಿದ್ದಾರೆ. “ಸರ, ಇದು ಕತಿನೋ ಖರೇನೋ?” ಎಂದು ಒಬ್ಬ ಹುಡುಗ ಕೇಳಿದ್ದ. “ನಿಮ್ಮ ಮುತ್ಯಾಗ ಓದಿ ಹೇಳು, ಅವರs ಹೇಳತಾರ” ಅಂದೆ. ಮರುವಾರ ಬಂದು, “ಮುತ್ಯಾ ಪೂರಾ ಕೇಳಲಿಲ್ಲರೀ, ನಡುವ ಎದ್ದು ಹ್ವಾದ್ರು” ಅಂದ. ಅದಕ್ಕಿಂತ ದೊಡ್ಡ ವಿಮರ್ಶೆ ನಾನು ಓದಿಲ್ಲ.

ಮರಾಠಿ ಪುಸ್ತಕಗಳನ್ನೇ ಹೇಳುತ್ತೀರಲ್ಲ ಎಂದು ಮುನಿಸಿಕೊಳ್ಳುವ ಗೆಳೆಯರಿದ್ದಾರೆ. ಕರ್ನಾಟಕ ಸಿಂಹ ಎಂದು ನಾವು ಕೊಂಡಾಡುವ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು, 1924ರ ಬೆಳಗಾವಿ ಕಾಂಗ್ರೆಸ್ಸನ್ನು ಹೊತ್ತು ನಡೆಸಿದವರು, ತಮ್ಮ ಜೀವನಕಥೆ ಬರೆದದ್ದು ಮರಾಠಿಯಲ್ಲೇ. ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆ ಬರೆದದ್ದು ಇಂಗ್ಲಿಷಿನಲ್ಲಿ. ಯಾವ ಸಾಲಿ ಸಿಕ್ಕಿತೋ ಆ ಭಾಷೆಯಲ್ಲಿ ಬರೆದರು. ಗಡಿ ತಂಟೆಯ ಕೋಪವನ್ನು ಪುಸ್ತಕದ ಮೇಲೆ ತೀರಿಸಿಕೊಂಡರೆ ನಷ್ಟ ನಮ್ಮದೇ. ಕನ್ನಡದಲ್ಲೇ ಬೇಕೆಂದರೆ ಬಸವರಾಜ ಕಟ್ಟೀಮನಿಯವರ ‘ಕುಂದರನಾಡಿನ ಕಂದ’ ಇದೆ, ಮಲಾಮರಡಿಯ ಹುಡುಗ ಪತ್ರಿಕೆ, ಜೈಲು, ಕಾದಂಬರಿಗಳ ದಾರಿ ಹಿಡಿದ ಕಥೆ. ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’ ಇದೆ. ಅದರಲ್ಲಿ ಮಿರಜಿನ ನೀಲಕಂಠಬುವಾ ಅವರ ಬಳಿ ಪಾಠ ಹೇಳಿಸಿಕೊಂಡ ಭಾಗ ಓದಿ. ಕಾಗವಾಡದವರಿಗೆ ಮಿರಜ ಅಂದರೆ ದವಾಖಾನೆ ಮತ್ತು ಸಂತೆ. ಸಂಗೀತಕ್ಕೂ ಅದೇ ಊರಿಗೆ ಹೋಗುತ್ತಿದ್ದರೆಂದು ಈಗಿನ ಹುಡುಗರಿಗೆ ಯಾರು ಹೇಳುತ್ತಾರೆ?

ಅಥಣಿಯ ಮುರುಘೇಂದ್ರ ಶಿವಯೋಗಿಗಳ ಚರಿತ್ರೆ, ಭೋಜದ ಆಚಾರ್ಯ ಶಾಂತಿಸಾಗರರ ಚರಿತ್ರೆ ಮನೆಮನೆಯಲ್ಲಿವೆ. ಭಕ್ತರು ಬರೆದವು. ಅವುಗಳಲ್ಲಿ ಉಪವಾಸ ವ್ರತವಾಗಿ ಬರುತ್ತದೆ, ನಾನು ಹುಡುಕುವುದು ವ್ರತವಲ್ಲದ ಉಪವಾಸವನ್ನು.

ಅದು ಇದ್ದದ್ದು ತಂಬಾಕಿನ ವಖಾರಗಳಲ್ಲಿ. ನಮ್ಮವ್ವ ನಿಪ್ಪಾಣಿಯ ಒಂದು ವಖಾರದಲ್ಲಿ ದುಡಿದವಳು. ಒಣಗಿದ ಎಲೆ ಬಡಿದು, ಸಾಣಿಸಿ, ಕಡ್ಡಿ ಬೇರೆ ಮಾಡುವ ಕೆಲಸ. ಮೂಗಿಗೆ ಸೆರಗು ಸುತ್ತಿಕೊಂಡರೂ ಧೂಳು ಬಿಡುತ್ತಿರಲಿಲ್ಲ. ಮನೆಗೆ ಬಂದರೆ ಮೊದಲು ಸೀನು, ಆಮೇಲೆ ಮಾತು. ಅಕ್ಷರ ಬಾರದ ಈ ಹೆಂಗಸರು ಆತ್ಮಕಥೆ ಬರೆಯಲಿಲ್ಲ, ಹೇಳಿದರು. ದೀಪಾ ಧನರಾಜ್ ಮತ್ತು ಸಂಗಡಿಗರ ಯುಗಾಂತರ ತಂಡ 1982ರಲ್ಲಿ ತೆಗೆದ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ನಿಪ್ಪಾಣಿಯ ವಖಾರದ ಹೆಂಗಸರೇ ತಮ್ಮ ದುಡಿತ, ಕೂಲಿ, ಸಂಪಿನ ಕಥೆ ಹೇಳುತ್ತಾರೆ. ಪುಸ್ತಕಗಳ ಪಟ್ಟಿಯಲ್ಲಿ ಸಿನಿಮಾ ಯಾಕೆ ಎನ್ನಬೇಡಿ. ಈ ಊರಿನ ಅತ್ಯುತ್ತಮ ಆತ್ಮಕಥೆ ಅದೇ ಅನ್ನುವುದು ನನ್ನ ತೀರ್ಮಾನ.

ಅದೇ ಕಾಲದಲ್ಲಿ, 1981ರಲ್ಲಿ, ತಂಬಾಕಿಗೆ ಬೆಲೆ ಕೇಳಿ ರೈತರು ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದು ಕೂತರು. ಮುಂದಾಳು ಶರದ್ ಜೋಶಿ. ಏಪ್ರಿಲ್‌ನಲ್ಲಿ ಗೋಲಿಬಾರಾಯಿತು, ರೈತರು ಸತ್ತರು. ಜೋಶಿಯವರ ಆತ್ಮಕಥನದ ಬರಹಗಳು ‘ಅಂಗಾರಮಳಾ’ ಎಂಬ ಮರಾಠಿ ಪುಸ್ತಕದಲ್ಲಿವೆ. ಪೇಟೆಯ ನೌಕರಿ ಬಿಟ್ಟು ಹೊಲ ಕೊಂಡ ಮನುಷ್ಯ ಲೆಕ್ಕ ಹಾಕಿ ಹಾಕಿ, ಬೆಳೆದವನಿಗೆ ಯಾಕೆ ಏನೂ ಉಳಿಯುವುದಿಲ್ಲ ಎಂದು ಕಂಡುಕೊಂಡ ಬಗೆ ಅದರಲ್ಲಿದೆ. ಸಿನಿಮಾ ನೋಡಿ ಆಮೇಲೆ ಇದನ್ನು ಓದಬೇಕು. ಒಂದೇ ಎಲೆ. ಬೆಳೆದವನಿಗೆ ಬೆಲೆ ಸಾಲದು, ಬಡಿದವಳಿಗೆ ಕೂಲಿ ಸಾಲದು. ಇಬ್ಬರೂ ತಮ್ಮ ಮಾತು ಹೇಳಿಯಾಯಿತು. ನಡುವೆ ತಕ್ಕಡಿ ಹಿಡಿದು ಕೂತ ವಖಾರದ ಮಾಲಕರಲ್ಲಿ ಯಾರಾದರೂ ತಮ್ಮ ಕಥೆ ಖರೇ ಖರೇ ಬರೆದರೆ ಮೊದಲ ಪ್ರತಿ ನಾನೇ ರೊಕ್ಕ ಕೊಟ್ಟು ಕೊಳ್ಳುತ್ತೇನೆ.