ಚರ್ಮಗಂಟು ರೋಗ: ಜೀವಕೋಶದೊಳಗಿನ ಬದಲಾವಣೆಗಳು

ಚರ್ಮಗಂಟು ರೋಗ ದನಗಳ ಮೈಮೇಲೆ ಗಂಟುಗಳೇಳುವ ವೈರಸ್ ಕಾಯಿಲೆ. 1929ರಲ್ಲಿ ಇಂದಿನ ಜಾಂಬಿಯಾದಲ್ಲಿ ಮೊದಲು ಕಂಡಿತು. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು, 2022ರಲ್ಲಿ ಕರ್ನಾಟಕದ ರೈತರನ್ನು ಕಂಗೆಡಿಸಿತು. ಸಿಂಧನೂರು, ಮಸ್ಕಿ ಸೀಮೆಯ ಕುರಿಗಾಹಿಗಳು ಬಲ್ಲ ಕುರಿ ಸಿಡುಬಿನ ವೈರಸ್ ಇದರ ವೈರಸ್‌ಗೆ ಹತ್ತಿರದ ಬಂಧು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಚರ್ಮಗಂಟು ರೋಗವನ್ನು ಹರಡುತ್ತವೆ.

ಡಿಎನ್‌ಎ ವೈರಸ್‌ಗಳಲ್ಲಿ ಹೆಚ್ಚಿನವು ಜೀವಕೋಶದ ಕೇಂದ್ರದೊಳಗೆ ಹೊಕ್ಕು ವೃದ್ಧಿಯಾಗುತ್ತವೆ. ಸಿಡುಬಿನ ಕುಲಕ್ಕೆ ಸೇರಿದ ಈ ವೈರಸ್ ಹಾಗಲ್ಲ. ಕೇಂದ್ರದ ಹೊರಗಿನ ಕೋಶದ್ರವದಲ್ಲೇ ತನ್ನ ಕಾರ್ಖಾನೆ ಹೂಡುತ್ತದೆ. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದ ಚರ್ಮದ ತೆಳು ಪದರವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಕೇಂದ್ರದ ಪಕ್ಕದಲ್ಲಿ ಗುಲಾಬಿ ಬಣ್ಣದ ದುಂಡನೆಯ ಕಾಯಗಳು ಕಾಣುತ್ತವೆ. ರೋಗಪತ್ತೆಗೆ ಇವು ಬಲವಾದ ಸುಳಿವು. ಹೊಸ ಗಂಟಿನಲ್ಲೇ ಇವು ಚೆನ್ನಾಗಿ ಸಿಗುತ್ತವೆ, ಹಳೆಯದರಲ್ಲಿ ಉಳಿಯುವುದು ಬಹುಮಟ್ಟಿಗೆ ಸತ್ತ ಅಂಗಾಂಶ. ಆದ್ದರಿಂದ ಮಾದರಿ ತೆಗೆಯಲು ತಡಮಾಡಬಾರದು.

ಮೇಲ್ಚರ್ಮದ ಕೋಶಗಳು ನೀರು ತುಂಬಿಕೊಂಡು ಬಲೂನಿನಂತೆ ಉಬ್ಬಿ, ಕೆಲವು ಒಡೆಯುತ್ತವೆ. ನಿಜವಾದ ಹಾನಿ ಅದಕ್ಕಿಂತ ಆಳದಲ್ಲಿದೆ. ರಕ್ತನಾಳಗಳ ಒಳಪದರದ ಕೋಶಗಳಿಗೂ ಸೋಂಕು ತಗಲಿ, ನಾಳದ ಗೋಡೆ ಉರಿಯೂತಕ್ಕೊಳಗಾಗಿ, ರಕ್ತ ಹೆಪ್ಪುಗಟ್ಟುತ್ತದೆ. ರಕ್ತ ಸಿಗದ ಚರ್ಮ ಸಾಯುತ್ತದೆ. ಗಂಟಿನ ನಡುಭಾಗ ಬಿರಡೆಯ ಹಾಗೆ ಕಳಚಿ ಬಿದ್ದು ಆಳವಾದ ಹುಣ್ಣು ಉಳಿಯುವುದು ಹೀಗೆ.

ಎಲ್ಲ ವೈರಸ್‌ಗಳು ಜೀವಕೋಶದಲ್ಲಿ ಬಿಡುವ ಗುರುತೂ ಒಂದೇ ಅಲ್ಲ. ಆಡು-ಕುರಿಗಳ ಪಿಪಿಆರ್ ವೈರಸ್ ಅಕ್ಕಪಕ್ಕದ ಕೋಶಗಳನ್ನು ಬೆಸೆದು, ಹಲವು ಕೇಂದ್ರಗಳ ದೈತ್ಯಕೋಶಗಳನ್ನು ಮಾಡುತ್ತದೆ. ಹುಚ್ಚುನಾಯಿ ರೋಗದಲ್ಲಿ ಮೆದುಳಿನ ನರಕೋಶಗಳೊಳಗೆ ಕಾಣುವ ನೆಗ್ರಿ ಕಾಯಗಳನ್ನು ಇಟಲಿಯ ಅಡೆಲ್ಕಿ ನೆಗ್ರಿ 1903ರಲ್ಲಿ ವರ್ಣಿಸಿದರು.